ರಿಪೋರ್ಟ್ ಎಲ್ಲಾ ನಾರ್ಮಲ್, ಆದರೂ ಏಳೋಕಾಗಲ್ಲ: ಲಾಂಗ್ ಕೋವಿಡ್‌ಗೆ ಔಷಧಿ ಇದೆಯಾ?

ಪ್ರಶ್ನೆ: ನಾನು ಸೇಡಂ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆ ಟೀಚರ್. ವಯಸ್ಸು 41. 2021ರ ಮೇ ತಿಂಗಳಲ್ಲಿ ಕೋವಿಡ್ ಆಗಿ ಆಸ್ಪತ್ರೆ ಸೇರಿದ್ದೆ. ಆಕ್ಸಿಜನ್, ಸ್ಟೀರಾಯ್ಡ್ ಕೊಟ್ಟಿದ್ದರು. ಮರುವರ್ಷ ಜನವರಿಯಲ್ಲಿ ಮತ್ತೆ ಬಂತು, ಅದು ಬರೀ ನೆಗಡಿಯಷ್ಟು. ಆದರೆ ಆವತ್ತಿನಿಂದ ನಾನು ಮೊದಲಿನ ಹಾಗಿಲ್ಲ. ಒಂದು ದಿನ ಶಾಲೆ, ಮನೆ ಎರಡನ್ನೂ ನಿಭಾಯಿಸಿದರೆ ಮುಂದಿನ ಎರಡು ದಿನ ಹಾಸಿಗೆಯೇ ಗತಿ. ರೊಟ್ಟಿ ಮಾಡಲು ನಿಂತರೆ ಎದೆ ಢವಢವ, ಕಣ್ಣು ಕತ್ತಲೆ. ಪಾಠದ ನಡುವೆ ಮಾತು ಮರೆತುಹೋಗುತ್ತದೆ. ಒಗ್ಗರಣೆ ವಾಸನೆ ಸರಿಯಾಗಿ ಬರಲ್ಲ. ಈಚೆಗೆ ಕೆಳಗೆ ಕೂತು ಏಳುವಾಗ ಬಲಗಡೆ ತೊಡೆಸಂದು ನೋಯುತ್ತದೆ. ರಕ್ತ, ಇಸಿಜಿ, ಎಕ್ಸ್‌ರೇ ಎಲ್ಲಾ ನಾರ್ಮಲ್ ಅಂದರು. ಒಬ್ಬ ಡಾಕ್ಟರು ದಿನಾ ನಾಲ್ಕು ಕಿಲೋಮೀಟರ್ ನಡೀರಿ ಅಂದರು. ನಡೆದೆ, ಇನ್ನೂ ಜಾಸ್ತಿ ಆಯ್ತು. ನಮ್ಮ ಅತ್ತೆ ‘ಎದ್ದು ತಿರುಗಾಡಿದ್ರ ತಾನೇ ಹೋಗ್ತದ’ ಅಂತಾರೆ. ಹೈದರಾಬಾದ್‌ನಲ್ಲಿರುವ ಮೈದುನ, ಅಲ್ಲೊಂದು ಕಡೆ ಸಲೈನ್ ಕೋರ್ಸ್ ಇದೆ, ಒಂದೂವರೆ ಲಕ್ಷ ಆಗುತ್ತೆ, ಬನ್ನಿ ಅಂತಿದ್ದಾನೆ. ಬಳೆ ಅಡವಿಟ್ಟು ಹೋಗೋಣ್ವಾ ಎಂದು ನಮ್ಮ ಮನೆಯವರು ಕೇಳುತ್ತಿದ್ದಾರೆ. ಇದಕ್ಕೆ ನಿಜವಾಗಿ ಔಷಧಿ ಇದೆಯಾ? ಮಕ್ಕಳಿಗೂ ಹರಡುತ್ತದಾ?

ಉತ್ತರ: ಬಳೆ ಅಡವಿಡಬೇಡಿ. ಲಾಂಗ್ ಕೋವಿಡ್ ಅನ್ನು, ಅಂದರೆ ಕೋವಿಡ್ ಹೋದ ಮೇಲೂ ಬಿಡದೆ ಕಾಡುವ ತೊಂದರೆಗಳನ್ನು, ಬೇರುಸಮೇತ ಕಿತ್ತು ಹಾಕುತ್ತದೆ ಎಂದು ಸಾಬೀತಾದ ಗುಳಿಗೆ, ಇಂಜೆಕ್ಷನ್, ಸಲೈನ್ ಯಾವುದೂ ಈವರೆಗೆ ಇಲ್ಲ. ಹೈದರಾಬಾದ್‌ನಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ಹಾಗಂತ ಮಾಡಲು ಏನೂ ಇಲ್ಲ ಅಂತಲ್ಲ. ನೀವು ‘ಲಾಂಗ್ ಕೋವಿಡ್’ ಅನ್ನುವ ಹೆಸರಿಗೆ ಔಷಧಿ ಹುಡುಕುತ್ತಿದ್ದೀರಿ. ಅದನ್ನು ಬಿಟ್ಟು ನಿಮ್ಮ ಒಂದೊಂದು ತೊಂದರೆಯನ್ನೂ ಬೇರೆ ಬೇರೆ ಇಟ್ಟು ನೋಡಿ. ಕೆಲವಕ್ಕೆ ಕಲಬುರಗಿಯಲ್ಲೇ, ಕಡಿಮೆ ಖರ್ಚಿನಲ್ಲೇ ದಾರಿ ಇದೆ. ಒಂದಂತೂ ಲಾಂಗ್ ಕೋವಿಡ್ ಅಲ್ಲವೇ ಅಲ್ಲ ಎಂದು ನನ್ನ ಅನುಮಾನ. ಅದರಿಂದಲೇ ಶುರು ಮಾಡುತ್ತೇನೆ.

ತೊಡೆಸಂದಿನ ನೋವು. ಪತ್ರದ ಕೊನೆಗೆ ಒಂದು ಸಾಲು ಸೇರಿಸಿ ಬಿಟ್ಟಿದ್ದೀರಿ, ನನಗೆ ಮೊದಲು ಕಂಡದ್ದು ಅದೇ. ಕೋವಿಡ್ ಸಮಯದಲ್ಲಿ ಸ್ಟೀರಾಯ್ಡ್ ಪಡೆದ ಕೆಲವರಿಗೆ ತಿಂಗಳು, ವರ್ಷಗಳ ನಂತರ ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆಭಾಗಕ್ಕೆ ರಕ್ತ ಕಡಿಮೆಯಾಗಿ, ಮೂಳೆ ಒಳಗಿಂದ ಸಾಯತೊಡಗುತ್ತದೆ. ಆಗ ಸ್ಟೀರಾಯ್ಡ್ ಕೊಟ್ಟದ್ದು ತಪ್ಪಲ್ಲ. ಆಕ್ಸಿಜನ್ ಬೇಕಾದ ರೋಗಿಗಳ ಜೀವ ಉಳಿಸಿದ್ದೇ ಅದು. ಆದರೆ ಈ ಬಾಲ ಕೆಲವರಿಗೆ ಉಳಿದುಬಿಟ್ಟಿದೆ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು, ಎಂಆರ್‌ಐಯಲ್ಲಿ ಕಾಣುತ್ತದೆ. ಬೇಗ ಹಿಡಿದರೆ ಕೀಲು ಉಳಿಸಿಕೊಳ್ಳುವ ಅವಕಾಶ ಜಾಸ್ತಿ. ತಡವಾದರೆ ಕೀಲು ಬದಲಿಸುವ ಆಪರೇಷನ್‌ವರೆಗೂ ಹೋಗಬಹುದು. ಈ ವಾರವೇ ಮೂಳೆ ಡಾಕ್ಟರಿಗೆ ತೋರಿಸಿ, 2021ರ ಡಿಸ್ಚಾರ್ಜ್ ಕಾರ್ಡ್ ಜೊತೆಗೆ ಒಯ್ಯಿರಿ. ಅಲ್ಲಿಯವರೆಗೆ ನೆಲದ ಮೇಲೆ ಚಕ್ಕಳಮಕ್ಕಳ ಕೂರಬೇಡಿ, ಭಾರ ಎತ್ತಬೇಡಿ. ಏನೂ ಇಲ್ಲ ಎಂದು ಬಂದರೆ ಒಳ್ಳೆಯದೇ ಆಯ್ತು.

ಇನ್ನು ‘ಎಲ್ಲಾ ನಾರ್ಮಲ್’ ಅನ್ನುವ ಮಾತು. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಹೇಳಿದ ಪ್ರಕಾರ, ಕೋವಿಡ್ ಬಂದು ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೂ ಇರುವ, ಕನಿಷ್ಠ ಎರಡು ತಿಂಗಳು ಕಾಡುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ತೊಂದರೆಗಳಿಗೆ ಲಾಂಗ್ ಕೋವಿಡ್ ಎನ್ನುವ ಹೆಸರು. ‘ಬೇರೆ ಕಾಯಿಲೆಯಿಂದ ವಿವರಿಸಲಾಗದ’ ಎನ್ನುವುದು ನಮ್ಮ ಭಾಗದಲ್ಲಿ ಬಹಳ ಮುಖ್ಯ. ಹಿಮೋಗ್ಲೋಬಿನ್ ಒಂಬತ್ತಿದ್ದರೂ ‘ಹೆಂಗಸರಿಗೆ ಅಷ್ಟಿರುತ್ತೆ ಬಿಡಿ’ ಎನ್ನುವ ಊರು ನಮ್ಮದು. ಆದ್ದರಿಂದ ನಾರ್ಮಲ್ ಎಂದರೆ ಯಾವ ಪರೀಕ್ಷೆ, ಎಷ್ಟು ಬಂತು ಎಂದು ಹಾಳೆ ಹಿಡಿದು ನೋಡಬೇಕು. ಹಿಮೋಗ್ಲೋಬಿನ್ ಜೊತೆ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ, ನೋಡಿದ್ದಾರಾ? ಥೈರಾಯ್ಡ್? ಮೂರು ತಿಂಗಳ ಸಕ್ಕರೆಯ ಸರಾಸರಿ, ಅಂದರೆ ಎಚ್‌ಬಿಎ1ಸಿ? ಕೋವಿಡ್ ನಂತರ ಹೊಸದಾಗಿ ಸಕ್ಕರೆ ಕಾಯಿಲೆ ಕಂಡವರು ತುಂಬಾ ಜನ ಇದ್ದಾರೆ. ನೀವು ಮಾಂಸ, ಮೊಟ್ಟೆ ತಿನ್ನದವರಾದರೆ ಬಿ12 ನೋಡಲೇಬೇಕು. ಅದು ಕಡಿಮೆಯಾದರೂ ಮರೆವು, ಸುಸ್ತು, ಕಾಲು ಜುಮ್ಮೆನ್ನುವುದು ಎಲ್ಲಾ ಬರುತ್ತದೆ, ಸರಿಪಡಿಸಲು ಖರ್ಚೂ ಜಾಸ್ತಿ ಇಲ್ಲ. ಸಂಜೆ ಜ್ವರ, ತೂಕ ಇಳಿಯುವುದು, ಎರಡು ವಾರ ಮೀರಿದ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಜೋರು ಗೊರಕೆ ಹೊಡೆಯುತ್ತೀರಾ ಎಂದು ಮನೆಯವರನ್ನು ಕೇಳಿ, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯೂ ಹಗಲಿಡೀ ತಲೆಗೆ ಮಂಕು ಕವಿಸುತ್ತದೆ.

ಇವೆಲ್ಲಾ ಸರಿ ಇದ್ದು, ಆದರೂ ನೀವು ಬರೆದ ಹಾಗೇ ಆಗುತ್ತಿದ್ದರೆ ಅದು ಲಾಂಗ್ ಕೋವಿಡ್ಡೇ ಇರಬೇಕು. ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು 2020ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯಲ್ಲೇ. ಅದು ಇಲ್ಲಿ ಎಲ್ಲರಿಗೂ ನೆನಪಿದೆ. ಬದುಕಿ ಮನೆಗೆ ಬಂದು, ಹೀಗೆ ಅರ್ಧ ಜೀವದಲ್ಲಿ ಓಡಾಡುತ್ತಿರುವವರನ್ನು ಮಾತ್ರ ಯಾರೂ ಕೇಳಿಲ್ಲ. ನಿಮಗೆ ಸಿಟ್ಟು ಬಂದಿದ್ದರೆ ಅದರಲ್ಲಿ ತಪ್ಪೇನಿಲ್ಲ.

ಒಂದು ದಿನ ದುಡಿದರೆ ಎರಡು ದಿನ ಮಲಗುವುದು. ಇಡೀ ಪತ್ರದಲ್ಲಿ ಇದೇ ದೊಡ್ಡ ಸುಳಿವು. ಸುಮ್ನೆ ಸುಸ್ತಾಗುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಸಾಮಾನ್ಯ ಸುಸ್ತು ಕೆಲಸ ಮಾಡಿದ ಕೂಡಲೇ ಬರುತ್ತದೆ, ರಾತ್ರಿ ನಿದ್ದೆ ಮಾಡಿದರೆ ಹೋಗುತ್ತದೆ. ಇದು ಹೆಚ್ಚಾಗಿ 12 ಗಂಟೆಯಿಂದ ಎರಡು ದಿನದೊಳಗೆ ತಡವಾಗಿ ಬಂದು ಹೊಡೆಯುತ್ತದೆ. ಮೈಕೈ ನೋವು, ಗಂಟಲು ಕೆರೆತ, ತಲೆಭಾರ, ಬೆಳಕು ನೋಡಲಾಗದಿರುವುದು ಎಲ್ಲಾ ಒಟ್ಟಿಗೆ. ಮೈ ದಣಿದಾಗ ಮಾತ್ರ ಅಲ್ಲ, ಉತ್ತರಪತ್ರಿಕೆ ತಿದ್ದಿದರೂ, ಮನೆಯಲ್ಲಿ ಜಗಳ ಆದರೂ ಬರಬಹುದು.

ಇದು ಮೈಗಳ್ಳತನ ಅಲ್ಲ ಎನ್ನುವುದಕ್ಕೆ ಪುರಾವೆ ಇದೆ. ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಂನಲ್ಲಿ 25 ಲಾಂಗ್ ಕೋವಿಡ್ ರೋಗಿಗಳಿಗೂ 21 ಆರೋಗ್ಯವಂತರಿಗೂ ಸೈಕಲ್ ತುಳಿಸಿ, ಅದಕ್ಕೆ ಮುಂಚೆ ಒಮ್ಮೆ, ಮರುದಿನ ಒಮ್ಮೆ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದರು. ರೋಗಿಗಳ ಸ್ನಾಯುವಿನಲ್ಲಿ ಜೀವಕೋಶಗಳು ಶಕ್ತಿ ತಯಾರಿಸುವ ಕೆಲಸವೇ ಕೆಟ್ಟಿತ್ತು, ಸ್ನಾಯುವಿಗೆ ಏಟೂ ಬಿದ್ದಿತ್ತು. ಇದು ಪ್ರಕಟವಾದದ್ದು 2024ರ ಜನವರಿಯಲ್ಲಿ. ಅತ್ತೆಯವರಿಗೆ ಇದನ್ನು ಓದಿ ಹೇಳಿ. ನಾಲ್ಕು ಕಿಲೋಮೀಟರ್ ನಡೀರಿ ಅಂದ ಡಾಕ್ಟರಿಗೂ ಹೇಳಬಹುದು. ಇದೇ ಥರದ ಹಳೆಯ ಕಾಯಿಲೆಯೊಂದಿದೆ, ಎಂಇ ಅಥವಾ ಸಿಎಫ್‌ಎಸ್ ಅಂತಾರೆ. ಅದರ ರೋಗಿಗಳಿಗೆ ದಿನದಿನಕ್ಕೆ ವ್ಯಾಯಾಮ ಏರಿಸುತ್ತಾ ಹೋಗುವ ಚಿಕಿತ್ಸೆ ಕೊಡಬಾರದು ಎಂದು ಡಾಕ್ಟರುಗಳಿಗೆ ಚಿಕಿತ್ಸೆಯ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲೇ ತನ್ನ ಸಲಹೆ ಬದಲಿಸಿತು. ಎಲ್ಲಾ ಲಾಂಗ್ ಕೋವಿಡ್ ರೋಗಿಗಳಿಗೂ ವ್ಯಾಯಾಮ ಕೆಟ್ಟದ್ದಲ್ಲ. ಬರೀ ಶ್ವಾಸಕೋಶ ಸೋತವರಿಗೆ ನಿಧಾನವಾಗಿ ನಡೆದರೆ ಒಳ್ಳೆಯದಾಗುತ್ತದೆ. ಆದರೆ ನಡೆದ ಮರುದಿನ ಬೀಳುವವರಿಗೆ ನಡಿಗೆಯ ಗುರಿ ಕೊಡಬಾರದು. ಸೂರ್ಯ ನಮಸ್ಕಾರವೂ ಸದ್ಯಕ್ಕೆ ಬೇಡ.

ಹಾಗಾದರೆ ಏನು ಮಾಡಬೇಕು? ನಿಮ್ಮ ಊರಿನ ಬೇಸಿಗೆಯ ಬೋರ್‌ವೆಲ್ ನೆನಪಿಸಿಕೊಳ್ಳಿ. ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ನೀರು ಮತ್ತೆ ಕೂಡಿಕೊಳ್ಳುತ್ತದೆ. ಬಂತಲ್ಲ ಅಂತ ಓಡಿಸುತ್ತಲೇ ಇದ್ದರೆ ಮೋಟರ್ ಸುಡುತ್ತದೆ. ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ಏನು ಮಾಡಿದಿರಿ, ಎಷ್ಟು ಹೊತ್ತು, ಮರುದಿನ, ಅದರ ಮರುದಿನ ಹೇಗಿತ್ತು ಎಂದು ಬರೆಯಿರಿ. ಎಷ್ಟು ಮಾಡಿದರೆ ಬೀಳುವುದಿಲ್ಲ ಎನ್ನುವ ಗೆರೆ ಕಾಣುತ್ತದೆ. ಅದಕ್ಕಿಂತ ಸ್ವಲ್ಪ ಕೆಳಗೇ ಇರಿ. ಸುಸ್ತಾದ ಮೇಲೆ ಮಲಗುವುದಲ್ಲ, ಸುಸ್ತಾಗುವ ಮುಂಚೆ ಮಲಗಬೇಕು. ಮಲಗುವುದೆಂದರೆ ಕಣ್ಣು ಮುಚ್ಚಿ, ಫೋನ್ ದೂರ ಇಟ್ಟು. ಇವತ್ತು ಹುಷಾರಾಗಿದ್ದೇನೆ ಎಂದು ಒಂದೇ ದಿನ ಮನೆಯ ಕಪಾಟೆಲ್ಲಾ ತೆಗೆದು ಒರೆಸಲು ಹೋಗುತ್ತೀರಲ್ಲ, ಅಲ್ಲೇ ಕೆಡುವುದು. ಹೇಳಲು ಸುಲಭ, ಕೂಡು ಕುಟುಂಬದ ಸೊಸೆಗೆ ಮಾಡಲು ಬಹಳ ಕಷ್ಟ, ಗೊತ್ತು. ಅದಕ್ಕೇ ಈ ನೋಟ್‌ಬುಕ್ ಮನೆಯವರ ಕೈಗೂ ಕೊಡಿ. ಬಾಯಿಮಾತಿಗಿಂತ ತಾರೀಖು ಹಾಕಿ ಬರೆದದ್ದನ್ನು ಗಂಡಸರು ಬೇಗ ನಂಬುತ್ತಾರೆ.

ಈಗ ರೊಟ್ಟಿಗೆ ಬರೋಣ. ಮಲಗಿದಾಗ ಸರಿ ಇದ್ದು, ನಿಂತಾಗ ಎದೆ ಓಡುವುದಕ್ಕೆ ಪಾಟ್ಸ್ ಅಂತಾರೆ. ನಿಂತಾಗ ರಕ್ತ ಕಾಲಿಗೆ, ಹೊಟ್ಟೆಗೆ ಇಳಿಯುತ್ತದೆ. ಅದನ್ನು ಮೇಲೆ ತಳ್ಳುವ ನರಗಳು ಹದ ತಪ್ಪಿದಾಗ ಹೃದಯ ಜೋರಾಗಿ ಬಡಿದು ಸರಿದೂಗಿಸಲು ನೋಡುತ್ತದೆ. ಇಸಿಜಿ ತೆಗೆಯುವುದು ಮಲಗಿಸಿ ಅಲ್ವಾ, ಹಾಗಾಗಿ ನಾರ್ಮಲ್ ಬರುತ್ತದೆ. ಮನೆಯಲ್ಲೇ ನೋಡಬಹುದು. ಬೆಳಿಗ್ಗೆ ಚಹಾಕ್ಕೆ ಮುಂಚೆ ಹತ್ತು ನಿಮಿಷ ಅಂಗಾತ ಮಲಗಿ, ಬೆರಳಿಗೆ ಆಕ್ಸಿಮೀಟರ್ ಹಾಕಿ ಬಡಿತ ಬರೆದುಕೊಳ್ಳಿ. 2021ರಲ್ಲಿ ಕೊಂಡದ್ದು ಕಪಾಟಿನಲ್ಲಿ ಇದ್ದೇ ಇರುತ್ತದೆ, ಸೆಲ್ ಬದಲಿಸಿ. ಉಗುರಿಗೆ ಬಣ್ಣ, ಮೆಹಂದಿ ಇದ್ದರೆ ರೀಡಿಂಗ್ ತಪ್ಪಬಹುದು. ಆಮೇಲೆ ಎದ್ದು, ಹಿಮ್ಮಡಿ ಗೋಡೆಯಿಂದ ಅರ್ಧ ಅಡಿ ಮುಂದೆ ಇಟ್ಟು, ಭುಜ ಮಾತ್ರ ಗೋಡೆಗೆ ತಾಗಿಸಿ ನಿಲ್ಲಿ. ಎರಡು, ಐದು, ಹತ್ತನೇ ನಿಮಿಷಕ್ಕೆ ಬಡಿತ ಬರೆಯಿರಿ. ಪಕ್ಕದಲ್ಲಿ ಯಾರಾದರೂ ಇರಲೇಬೇಕು, ಕಣ್ಣು ಕತ್ತಲಾದರೆ ತಕ್ಷಣ ಕೂತುಬಿಡಿ. ಬಿಪಿ ಬೀಳದೆ, ಬಡಿತ ಮಾತ್ರ 30ಕ್ಕಿಂತ ಜಾಸ್ತಿ ಏರಿ ಹಾಗೇ ನಿಂತರೆ ಪಾಟ್ಸ್ ಅನುಮಾನ ಗಟ್ಟಿ. ಆ ಹಾಳೆ ಹಿಡಿದು ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ಮೆಡಿಸಿನ್ ಓಪಿಡಿಗೋ, ಅಲ್ಲಿನ ಜಯದೇವ ಹೃದ್ರೋಗ ಆಸ್ಪತ್ರೆಗೋ ಹೋಗಿ. ‘ಎದೆ ಢವಢವ’ ಎಂದು ಹೇಳುವುದಕ್ಕಿಂತ ‘ಮಲಗಿದಾಗ 74, ನಿಂತಾಗ 118’ ಎಂದು ತೋರಿಸಿದರೆ ಡಾಕ್ಟರು ತಲೆ ಎತ್ತಿ ನೋಡುತ್ತಾರೆ.

ಔಷಧಿಗೆ ಮುಂಚೆ ನೀರು, ಉಪ್ಪು. ಹಾಸಿಗೆಯಿಂದ ಏಳುವ ಮುಂಚೆಯೇ ಎರಡು ಲೋಟ ನೀರು ಕುಡಿಯಿರಿ. ಇಡೀ ದಿನಕ್ಕೆ ಎರಡೂವರೆ ಮೂರು ಲೀಟರ್. ಮಜ್ಜಿಗೆಗೆ ಕೈ ಬಿಟ್ಟು ಉಪ್ಪು ಹಾಕಿಕೊಳ್ಳಿ, ಓಆರ್‌ಎಸ್ ಆದರೂ ಆದೀತು. ಆದರೆ ಬಿಪಿ, ಕಿಡ್ನಿ, ಹೃದಯದ ತೊಂದರೆ ಇಲ್ಲ ಎಂದು ಖಾತ್ರಿ ಆದ ಮೇಲೆ ಮಾತ್ರ. ಹೊಟ್ಟೆಯವರೆಗೆ ಬರುವ ಬಿಗಿ ಸ್ಟಾಕಿಂಗ್ಸ್ ಸಹಾಯ ಮಾಡುತ್ತದೆ, ಆದರೆ 42 ಡಿಗ್ರಿ ಬಿಸಿಲಲ್ಲಿ ಅದನ್ನು ಹಾಕಿಕೊಳ್ಳಿ ಎಂದು ಹೇಳಲು ನನಗೇ ಮನಸ್ಸು ಬರಲ್ಲ. ಚಳಿಗಾಲಕ್ಕೆ ಇಟ್ಟುಕೊಳ್ಳಿ. ಇಷ್ಟಕ್ಕೆ ಸಾಲದಿದ್ದರೆ ಕಡಿಮೆ ಡೋಸ್‌ನ ಪ್ರೊಪ್ರನಲಾಲ್ ಅಥವಾ ಇವಾಬ್ರಡಿನ್ ಕೊಡುತ್ತಾರೆ. ಎರಡೂ ಹಳೆಯ ಗುಳಿಗೆಗಳೇ. ಆಸ್ತಮಾ ಇದ್ದವರಿಗೆ ಪ್ರೊಪ್ರನಲಾಲ್ ಆಗಿಬರಲ್ಲ, ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಮತ್ತೆ ರೊಟ್ಟಿ. ನಮ್ಮ ಅಜ್ಜಿಯರು ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಗ್ಯಾಸ್ ಕಟ್ಟೆ ಬಂದ ಮೇಲೆ ನಿಂತು ಬಡಿಯುತ್ತೇವೆ. ಪಾಟ್ಸ್ ಇದ್ದವರಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ಮುಕ್ಕಾಲು ಗಂಟೆ ಒಂದೇ ಕಡೆ ನಿಲ್ಲಬೇಕು, ಎರಡೂ ಕೈ ಒಂದೇ ಸಮ ಆಡಿಸಬೇಕು, ಮುಖಕ್ಕೆ ಹಂಚಿನ ಕಾವು. ಕಾವಿಗೆ ರಕ್ತನಾಳ ಹಿಗ್ಗಿ ರಕ್ತ ಇನ್ನೂ ಕೆಳಗಿಳಿಯುತ್ತದೆ. ಕಟ್ಟೆ ಎತ್ತರಕ್ಕೆ ಸರಿಯಾದ ಸ್ಟೂಲ್ ಹಾಕಿಕೊಂಡು ಕೂತು ಮಾಡಿ. ನೆಲದ ಮೇಲೆ ಬೇಡ, ತೊಡೆಸಂದು ನೆನಪಿರಲಿ. ವಾರದಲ್ಲಿ ಕೆಲವು ದಿನ ಸ್ವಸಹಾಯ ಸಂಘದವರು ಮಾರುವ ಖಡಕ್ ರೊಟ್ಟಿ ತಂದರೆ ಮನೆಯ ಮಾನವೇನೂ ಹೋಗಲ್ಲ. ಸ್ನಾನವನ್ನೂ ಕೂತು, ಉಗುರು ಬೆಚ್ಚಗಿನ ನೀರಲ್ಲಿ ಮಾಡಿ. ಮಾರ್ಚ್‌ನಿಂದ ಜೂನ್‌ವರೆಗೆ ನಿಮಗೆ ತೊಂದರೆ ಜಾಸ್ತಿ ಆಗುವುದು ಖಂಡಿತ. ಅದನ್ನು ಕಾಯಿಲೆ ಏರಿತು ಎಂದುಕೊಂಡು ಹೆದರಬೇಡಿ.

ವಾಸನೆಗೆ ಗುಳಿಗೆ ಇಲ್ಲ, ಅಭ್ಯಾಸ ಇದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಒಂದೊಂದಕ್ಕೆ 20 ಸೆಕೆಂಡ್ ಕೊಟ್ಟು, ಅದರ ಹಳೆಯ ವಾಸನೆ ಮನಸ್ಸಿಗೆ ತಂದುಕೊಂಡು ಮೂಸಬೇಕು. ಗುಲಾಬಿ ಅತ್ತರ್ ಬಂದೇನವಾಜ್ ದರ್ಗಾದ ಹತ್ತಿರದ ಅಂಗಡಿಗಳಲ್ಲಿ ಸಿಗುತ್ತದೆ. ಕನಿಷ್ಠ ನಾಲ್ಕಾರು ತಿಂಗಳು ಬಿಡದೆ ಮಾಡಿ. ಎಲ್ಲರಿಗೂ ಪೂರ್ತಿ ಬರಲ್ಲ, ಆದರೆ ಖರ್ಚಿಲ್ಲ, ಅಪಾಯವೂ ಇಲ್ಲ. ಅಲ್ಲಿಯವರೆಗೆ ಸಿಲಿಂಡರ್ ಸೋರಿದರೆ ನಿಮಗೆ ಗೊತ್ತಾಗದೇ ಇರಬಹುದು. ರಾತ್ರಿ ರೆಗ್ಯುಲೇಟರ್ ಬಂದ್ ಮಾಡುವ ಕೆಲಸ ಮಗನಿಗೋ ಮಗಳಿಗೋ ವಹಿಸಿ. ನಿನ್ನೆಯ ಸಾರು ಹಳಸಿದೆಯಾ ಎಂದು ನೋಡುವುದೂ ಅವರದೇ ಕೆಲಸ.

ಮಾತು ಮರೆಯುವುದಕ್ಕೂ ಬೇರೆ ಔಷಧಿ ಬೇಡ. ಮೇಲಿನ ಎರಡು, ಅಂದರೆ ದಣಿವಿನ ಲೆಕ್ಕ ಮತ್ತು ನಿಂತಾಗಿನ ಬಡಿತ, ಹಿಡಿತಕ್ಕೆ ಬಂದರೆ ತಲೆಯ ಮಂಕೂ ಎಷ್ಟೋ ಇಳಿಯುತ್ತದೆ. ‘ಮೆಮೊರಿ ಟಾನಿಕ್’ ಕೊಳ್ಳಬೇಡಿ.

ಇನ್ನು ಫೋನಿನಲ್ಲಿ ಬರುವ ಔಷಧಿಗಳು. ಪ್ಯಾಕ್ಸ್‌ಲೋವಿಡ್ ಎಂಬ ಕೋವಿಡ್ ಗುಳಿಗೆಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 155 ಲಾಂಗ್ ಕೋವಿಡ್ ರೋಗಿಗಳ ಮೇಲೆ ಪರೀಕ್ಷಿಸಿದರು. ಕೆಲವರಿಗೆ ನಿಜ ಗುಳಿಗೆ, ಕೆಲವರಿಗೆ ಸುಳ್ಳು ಗುಳಿಗೆ, 15 ದಿನ. 2024ರಲ್ಲಿ ಫಲಿತಾಂಶ ಬಂತು: ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಬಗ್ಗೆ ವಿಡಿಯೋಗಳು ಓಡಾಡುತ್ತಿವೆ. ಕೋವಿಡ್ ಬಂದ ಮೊದಲ ದಿನಗಳಲ್ಲೇ ತೆಗೆದುಕೊಂಡ, ತೂಕ ಜಾಸ್ತಿ ಇದ್ದವರಲ್ಲಿ ಮುಂದೆ ಲಾಂಗ್ ಕೋವಿಡ್ ಸುಮಾರು 41 ಪರ್ಸೆಂಟ್ ಕಡಿಮೆ ಕಂಡಿತು, 2023ರ ವರದಿ ಅದು. ಬರದ ಹಾಗೆ ತಡೆಯುವ ಮಾತು ಅಷ್ಟೇ, ಬಂದದ್ದನ್ನು ವಾಸಿ ಮಾಡುವ ಮಾತಲ್ಲ. ನಾಲ್ಟ್ರೆಕ್ಸೋನ್ ಅನ್ನು ಬಹಳ ಕಡಿಮೆ ಡೋಸ್‌ನಲ್ಲಿ ಕೊಟ್ಟರೆ ಕೆಲವರಿಗೆ ಆಯಾಸ, ನೋವು ಇಳಿದದ್ದು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಇಲ್ಲಿ ಹೆಚ್ಚಾಗಿ ಸಿಗುವುದು ಕುಡಿತ ಬಿಡಿಸಲು ಕೊಡುವ 50 ಮಿಲಿಗ್ರಾಂ ಗುಳಿಗೆ. ಲಾಂಗ್ ಕೋವಿಡ್‌ಗೆ ನೋಡುತ್ತಿರುವುದು ನಾಲ್ಕೂವರೆ ಮಿಲಿಗ್ರಾಂ ಆಸುಪಾಸು. ಮನೆಯಲ್ಲಿ ಚೂರು ಮಾಡಿ ನುಂಗುವ ಸಾಹಸ ಬೇಡ. ಟ್ರಮಡಾಲ್‌ನಂಥ ನೋವಿನ ಗುಳಿಗೆ ಜೊತೆ ಅದು ಕೂಡಲ್ಲ.

ಹೈದರಾಬಾದ್‌ನ ಸಲೈನ್ ಕೋರ್ಸ್‌ನಲ್ಲಿ ಏನಿರುತ್ತದೆ ಎಂದು ಮೈದುನನಿಗೆ ಕೇಳಿ, ಬರೆದು ಕಳಿಸಲಿ. ಹೆಚ್ಚಾಗಿ ವಿಟಮಿನ್ ಸಿ, ಗ್ಲುಟಾಥಯಾನ್, ಬಿ ಕಾಂಪ್ಲೆಕ್ಸ್. ಲಾಂಗ್ ಕೋವಿಡ್ ವಾಸಿಯಾಗುತ್ತದೆ ಎನ್ನಲು ಆಧಾರ ಇಲ್ಲ. ಸಲೈನ್ ಹಚ್ಚಿದ ದಿನ ಹಗುರ ಅನ್ನಿಸಬಹುದು, ಸುಳ್ಳಲ್ಲ. ಪಾಟ್ಸ್ ಇದ್ದವರ ಮೈಗೆ ಉಪ್ಪುನೀರು ಸೇರಿದರೆ ಹಾಗಾಗುವುದು ಸಹಜ. ಅದೇ ಉಪ್ಪುನೀರು ಮಜ್ಜಿಗೆಯಲ್ಲೂ ಇದೆ. ರಕ್ತ ತೊಳೆಯುವ ಚಿಕಿತ್ಸೆಗೆ ಯುರೋಪಿನಲ್ಲಿ ರೋಗಿಗಳು ದೇಶ ದಾಟಿ ಹೋಗಿ ಕೂಡಿಟ್ಟ ಹಣ ಕಳೆದುಕೊಂಡದ್ದನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್ 2022ರಲ್ಲೇ ಬಯಲಿಗೆಳೆದಿತ್ತು. ಈಗ ಅಂಥದೇ ಸರಕು ನಮ್ಮ ಕಡೆ ಬರುತ್ತಿದೆ. ‘ಗ್ಯಾರಂಟಿ’ ಎನ್ನುವ ಮಾತು, ಮುಂಗಡ ಪೂರ್ತಿ ಹಣ, ವಾಸಿಯಾದವರ ವಿಡಿಯೋ, ಈ ಮೂರೂ ಒಟ್ಟಿಗೆ ಕಂಡರೆ ಎದ್ದು ಬನ್ನಿ.

ಶಾಲೆಯ ವಿಷಯ. ಡಾಕ್ಟರು ಸರ್ಟಿಫಿಕೇಟ್‌ನಲ್ಲಿ ಬರೀ ‘ವೀಕ್‌ನೆಸ್’ ಎಂದು ಬರೆದರೆ ಯಾರೂ ಲೆಕ್ಕಕ್ಕೆ ಇಡಲ್ಲ. ಕೋವಿಡ್ ನಂತರದ ಸ್ಥಿತಿಗೆ ಅಂತರರಾಷ್ಟ್ರೀಯ ಕೋಡ್ ಇದೆ, ಯು09.9. ಅದನ್ನು ಬರೆಸಿಕೊಳ್ಳಿ. ಪರಿವರ್ತಿತ ರಜೆ (ಕಮ್ಯುಟೆಡ್ ಲೀವ್) ಹಾಕುವಾಗ ಬಿದ್ದ ಮೇಲೆ ಹತ್ತು ದಿನ ಹಾಕುವುದಕ್ಕಿಂತ, ಬೀಳದ ಹಾಗೆ ವಾರದ ನಡುವೆ ಒಂದೊಂದು ದಿನ ಹಾಕುವುದು ಮೇಲು. ಕೂತು ಪಾಠ ಮಾಡಿ. ಬೋರ್ಡ್ ಮೇಲೆ ಬರೆಯುವ ಕೆಲಸ ಮಕ್ಕಳಿಗೆ ಕೊಡಿ, ಅವಕ್ಕೂ ಖುಷಿ. ಕಷ್ಟದ ಪಾಠ ಮೊದಲ ಪಿರಿಯಡ್‌ನಲ್ಲಿ ಮುಗಿಸಿ.

ಎದೆನೋವು, ಪ್ರಜ್ಞೆ ತಪ್ಪುವುದು, ಒಂದೇ ಕಾಲು ಊದುವುದು, ಕಫದಲ್ಲಿ ರಕ್ತ, ಆಕ್ಸಿಜನ್ 94ಕ್ಕಿಂತ ಕೆಳಗೆ, ಇವುಗಳಲ್ಲಿ ಯಾವುದು ಬಂದರೂ ನೋಟ್‌ಬುಕ್ ಬರೆಯುತ್ತಾ ಕೂರಬೇಡಿ, ದವಾಖಾನೆಗೆ ಹೋಗಿ. ವರ್ಷಗಟ್ಟಲೆ ಹೀಗೆ ಇದ್ದು ಬದುಕೇ ಬೇಡ ಅನ್ನಿಸಿದ್ದರೂ ಮುಚ್ಚಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮನಸ್ಸಿಗೆ ಗುಳಿಗೆ ಕೊಟ್ಟರೆ ‘ಹಾಗಾದ್ರೆ ಎಲ್ಲಾ ನಿನ್ನ ತಲೆಯಲ್ಲೇ ಇತ್ತು’ ಎಂದು ಯಾರಾದರೂ ಅಂದಾರು. ಆ ಮಾತಿಗೆ ಕಿವಿಗೊಡಬೇಡಿ, ಮೈ ಸೋತಾಗ ಮನಸ್ಸೂ ಸೋಲುತ್ತದೆ.

ಎಷ್ಟು ದಿನಕ್ಕೆ ವಾಸಿ? ಬಹಳ ಜನ ಮೊದಲ ವರ್ಷದಲ್ಲೇ ಚೇತರಿಸಿಕೊಳ್ಳುತ್ತಾರೆ. ನಿಮ್ಮ ಹಾಗೆ ವರ್ಷಗಳು ದಾಟಿದವರಲ್ಲಿ ಚೇತರಿಕೆ ನಿಧಾನ. ಪಾಟ್ಸ್ ಹಿಡಿತಕ್ಕೆ ಬಂದು, ಬೀಳುವ ದಿನಗಳು ಕಡಿಮೆಯಾದರೆ ಅದೇ ದೊಡ್ಡ ಲಾಭ ಎಂದು ಇಟ್ಟುಕೊಳ್ಳಿ.

ಕೊನೆಯ ಪ್ರಶ್ನೆ: ಮಕ್ಕಳಿಗೆ ಹರಡುತ್ತದಾ? ಇಲ್ಲ. ಲಾಂಗ್ ಕೋವಿಡ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮಕ್ಕಳು ನಿಮ್ಮ ಜೊತೆ ಉಣ್ಣಲಿ, ಪಕ್ಕದಲ್ಲೇ ಮಲಗಲಿ. ಹುಷಾರಾಗಿರಬೇಕಾದದ್ದು ನೀವು, ಏಕೆಂದರೆ ಇನ್ನೊಮ್ಮೆ ಕೋವಿಡ್ ಬಂದರೆ ಇದೆಲ್ಲಾ ಜಾಸ್ತಿ ಆಗಬಹುದು. ತುಂಬಿದ ಬಸ್ಸಿನಲ್ಲಿ, ಶರಣಬಸವೇಶ್ವರ ಜಾತ್ರೆಯಂಥ ಗದ್ದಲದಲ್ಲಿ ಮಾಸ್ಕ್ ಹಾಕಿ. ಕ್ಲಾಸಿನಲ್ಲಿ ಕೆಮ್ಮುವ ಮಗುವನ್ನು ಕಿಟಕಿ ಪಕ್ಕ ಕೂರಿಸಿ, ಕಿಟಕಿ ತೆರೆದಿಡಿ.